ಕಾವಲಿನ ಹುಲ್ಲೂ ನಗರದ ಲೆಕ್ಕವೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲು ಇದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳಲ್ಲಿ ಇದೂ ಒಂದು. ಇನ್ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನ ರೈಲಿಗೂ ಈ ಹುಲ್ಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದನ್ನು ಕಾಣಲು ಸ್ವಲ್ಪ ಗುಣಾಕಾರ ಭಾಗಾಕಾರ ಬಂದರೆ ಸಾಕು.

2023ರ ನವೆಂಬರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹವಾಮಾನ ಕ್ರಿಯಾಯೋಜನೆಯೊಂದನ್ನು ಪ್ರಕಟಿಸಿತು. ನಗರವು ವಾಯುಮಂಡಲಕ್ಕೆ ಸೇರಿಸುವ ಇಂಗಾಲದ ನಿವ್ವಳ ಮೊತ್ತವನ್ನು 2050ರ ವೇಳೆಗೆ ಸೊನ್ನೆಗೆ ಇಳಿಸುವುದು ಅದರ ಗುರಿ. ಈ ಗುರಿಗೆ ಒಂದು ಕಾಮಗಾರಿ ಎಷ್ಟು ನೆರವಾಯಿತೆಂದು ಅಳೆಯುವುದು ಹೇಗೆ? 2011ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ ನಮ್ಮ ಮೆಟ್ರೋವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಒಬ್ಬನು ದಿನಕ್ಕೆ 20 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದನೆನ್ನೋಣ. ಒಟ್ಟು 6000 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರ್ ಓಡುವ ವಾಹನಕ್ಕೆ ಸುಮಾರು 133 ಲೀಟರ್ ಪೆಟ್ರೋಲು ಬೇಕು. ಒಂದು ಲೀಟರ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಅವನ ವರ್ಷದ ಪಾಲು 307 ಕಿಲೋಗ್ರಾಂ.

ಈಗ ಅವನು ಮೆಟ್ರೋ ಹತ್ತಿದನು. ಒಬ್ಬನನ್ನು ಒಂದು ಕಿಲೋಮೀಟರ್ ಒಯ್ಯಲು 0.03 ಯೂನಿಟ್ ವಿದ್ಯುತ್ತು ಸಾಕೆಂದು ಲೆಕ್ಕಕ್ಕಾಗಿ ಭಾವಿಸೋಣ. ವರ್ಷಕ್ಕೆ 180 ಯೂನಿಟ್ ಆಯಿತು. ಭಾರತದಲ್ಲಿ ವಿದ್ಯುತ್ತಿನ ಬಹುಭಾಗವು ಕಲ್ಲಿದ್ದಲಿನಿಂದ ಬರುವುದರಿಂದ, ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಂ ಅನಿಲ ತಗಲುತ್ತದೆ. ಅಂದರೆ 126 ಕಿಲೋಗ್ರಾಂ. ಉಳಿತಾಯ 181 ಕಿಲೋಗ್ರಾಂ.

ಆದರೆ ಅದೇ ಆಸನದಲ್ಲಿ, ಮೆಟ್ರೋ ಬಂದಿತೆಂಬ ಕಾರಣಕ್ಕೇ ಹೊಸದಾಗಿ ಪ್ರಯಾಣ ಆರಂಭಿಸಿದ ಮತ್ತೊಬ್ಬನು ಕುಳಿತಿದ್ದರೆ? ಆಗ ಉಳಿತಾಯವಿಲ್ಲ, 126 ಕಿಲೋಗ್ರಾಂ ಹೊಸ ಹೊರೆ. ಆದ್ದರಿಂದ ಪ್ರಯಾಣಿಕರ ತಲೆಯೆಣಿಸಿದರೆ ಸಾಲದು. ರೈಲಿಲ್ಲದಿದ್ದರೆ ಅವರು ಏನು ಮಾಡುತ್ತಿದ್ದರೆಂಬುದನ್ನು ತಿಳಿಯಬೇಕು. ಯೋಜನೆಯ ಫಲವೆಂಬುದು ಒಂದು ಸಂಖ್ಯೆಯಲ್ಲ, ಎರಡು ಸಂಖ್ಯೆಗಳ ವ್ಯತ್ಯಾಸ. ಇದಲ್ಲದೆ ಕಂಬ, ಸೇತುವೆ, ಸುರಂಗಗಳ ಋಣವೂ ಉಂಟು. ಒಂದು ಟನ್ ಉಕ್ಕಿನ ತಯಾರಿಕೆಗೆ ಸುಮಾರು ಎರಡು ಟನ್ ಅನಿಲ, ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಮಿಕ್ಕು. ಮೊದಲ ವರ್ಷಗಳ ಉಳಿತಾಯವೆಲ್ಲ ಈ ಸಾಲದ ತೀರುವಳಿಗೇ ಹೋಗುತ್ತದೆ.

ಕಲ್ಲಿದ್ದಲಿಗೆ ಬದಲು ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆದರೆ ಆ 0.7 ಇಳಿಯುತ್ತದೆ, ಉಳಿತಾಯ ಏರುತ್ತದೆ. ಆದರೆ ಒಂದು ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳಿಗೆ ನಾಲ್ಕೈದು ಎಕರೆ ನೆಲ ಬೇಕು. ಆ ನೆಲ ಎಲ್ಲಿಂದ ಬರಬೇಕು? ಇಲ್ಲಿ ನಾವು ಕಾವಲಿಗೆ ಮರಳುತ್ತೇವೆ. 2009ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಒಂದು ಸೌರವಿದ್ಯುತ್ ಉದ್ಯಮಕ್ಕೂ ಹಂಚಲಾಯಿತು. ಉಳ್ಳಾರ್ತಿ ಕಾವಲಿನ ನೆಲವೂ ಆ ಹಂಚಿಕೆಯಲ್ಲಿ ಸೇರಿತು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಹುಲ್ಲುಗಾವಲಿನ ಇಂಗಾಲವು ಹೆಚ್ಚಾಗಿ ಬೇರಿನಲ್ಲಿಯೂ ಮಣ್ಣಿನಲ್ಲಿಯೂ ಅಡಗಿರುತ್ತದೆ. ನೆಲವನ್ನು ಅಗೆದರೆ ಅದರಲ್ಲೊಂದು ಭಾಗ ಗಾಳಿಗೆ ಸೇರುತ್ತದೆ. ಆದರೂ ಸತ್ಯವನ್ನು ಮುಚ್ಚಿಡಬಾರದು: ಇಂಗಾಲದ ಲೆಕ್ಕವೊಂದನ್ನೇ ನೋಡಿದರೆ ಒಣನೆಲದ ಹುಲ್ಲಿಗಿಂತ ಸೌರಫಲಕವೇ ಗೆಲ್ಲುತ್ತದೆ. ಆದರೆ ಕುರಿಯ ಮೇವು, ಚಳ್ಳಕೆರೆಯ ಕಂಬಳಿಗೆ ಬೇಕಾದ ಉಣ್ಣೆ, ಕೃಷ್ಣಮೃಗದ ಓಡಾಟ, ಇವು ಯಾವುವೂ ಕಿಲೋಗ್ರಾಂಗಳಲ್ಲಿ ಬರೆಯುವಂಥವಲ್ಲ. ಹಾಗೆಂದು ಅವುಗಳ ಬೆಲೆ ಸೊನ್ನೆಯೇ? ಕಾವಲನ್ನು ಪಾಳುನೆಲವೆಂದು ಕರೆಯುವವನು, ತನಗರಿವಿಲ್ಲದೆಯೇ, ಆ ಸೊನ್ನೆಯನ್ನು ಬರೆದಿರುತ್ತಾನೆ.

ಆದುದರಿಂದ ಲೆಕ್ಕದ ಪುಸ್ತಕಗಳು ಎರಡಿರಬೇಕು: ಒಂದು ಇಂಗಾಲದ್ದು, ಇನ್ನೊಂದು ನೆಲವನ್ನು ನಂಬಿದವರದ್ದು. ಎರಡನ್ನೂ ಒಟ್ಟಿಗೆ ತೆರೆದಿಟ್ಟಾಗಲೇ ಬೆಂಗಳೂರಿನ ಖಾಲಿ ಚಾವಣಿಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಬೀಳುವ ಬಿಸಿಲೂ ಅದೇ ಸೂರ್ಯನದು. ಅಲ್ಲಿ ಮೇಯುವ ಕುರಿಗಳು ಮಾತ್ರ ಇಲ್ಲ.