ಅಸಲಿ ಮೇಪಲ್ ಸಿರಪ್ಪೂ ಸಕ್ಕರೆಯೇ!

ಯಲಹಂಕ ಉಪನಗರದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೆಯ ರೋಗಿ. ವಯಸ್ಸು 67. ಸಕ್ಕರೆ ಕಾಯಿಲೆ ಶುರುವಾಗಿ 11 ವರ್ಷಗಳಾದರೂ ನಡಿಗೆ, ಮಾತ್ರೆ, ಪಥ್ಯ ಎಲ್ಲದರಲ್ಲೂ ಶಿಸ್ತಿನ ಮನುಷ್ಯ. ಕಳೆದ ಚಳಿಗಾಲದಲ್ಲಿ ಪತ್ನಿಯೊಂದಿಗೆ ಕೆನಡಾಕ್ಕೆ ಹೋಗಿ, ಟೊರಾಂಟೊ ಬಳಿ ಇರುವ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದರು. ಹೋಗುವ ಮುನ್ನ 7.0 ಇದ್ದ ಅವರ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ, ಬಂದ ಮೇಲೆ 8.6 ಆಗಿತ್ತು.

‘ಅಲ್ಲಿ ಒಂದು ಚಮಚ ಸಕ್ಕರೆ ಮುಟ್ಟಿದ್ದರೆ ಕೇಳಿ ಡಾಕ್ಟ್ರೇ’ ಎಂದರು ಮೇಷ್ಟ್ರು. ಪಕ್ಕದಲ್ಲಿದ್ದ ಅವರ ಮನೆಯವರು ‘ಆ ಮರದ ಪಾಕದ ವಿಷಯ ಹೇಳ್ರೀ’ ಎಂದು ನೆನಪಿಸಿದರು. ಆಗ ಮೇಷ್ಟ್ರ ಕೈಚೀಲದಿಂದ ಒಂದು ಸೀಸೆ ಹೊರಬಂತು. ಕಂದುಬಣ್ಣದ ಪಾಕ, ಮೇಲೆ ಎಲೆಯ ಚಿತ್ರ. ‘ನಿಮಗೂ ಒಂದು ತಂದಿದ್ದೇನೆ. ಶುದ್ಧವಾದದ್ದು, ಹುಡುಕಿ ತಂದದ್ದು. ಮರದಿಂದ ಬಂದದ್ದಲ್ಲವೇ, ಸಕ್ಕರೆ ಕಾಯಿಲೆಯವರಿಗೆ ಏನೂ ಆಗುವುದಿಲ್ಲವಂತೆ.’

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಎಷ್ಟೋ ಮನೆಗಳ ಮಕ್ಕಳು ಇಂದು ಕೆನಡಾ, ಅಮೆರಿಕದಲ್ಲಿದ್ದಾರೆ. ತಂದೆ-ತಾಯಿ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿರುವುದೂ, ಬರುವಾಗ ಒಂದೆರಡು ಸೀಸೆ ಮೇಪಲ್ ಸಿರಪ್ ತರುವುದೂ ಈಗ ಸಾಮಾನ್ಯ. ಇದು ನಿಜಕ್ಕೂ ರುಚಿಯಾದ ಪದಾರ್ಥ. ಆದರೆ ‘ಅಸಲಿ’ ಎಂಬ ಮಾತಿಗೂ ‘ನಿರಪಾಯ’ ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ತಿಳಿದು ತಿನ್ನುವುದು ಒಳ್ಳೆಯದು.

ಮರದ ಆಲೆಮನೆ

ಮಲೆನಾಡಿನ ಆಲೆಮನೆ ಕಂಡವರಿಗೆ ಮೇಪಲ್ ಸಿರಪ್ ಅರ್ಥವಾಗುವುದು ಸುಲಭ. ಅಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಜೋನಿಬೆಲ್ಲ ಮಾಡಿದಂತೆ, ಇಲ್ಲಿ ಮೇಪಲ್ ಮರದ ರಸವನ್ನು ಕುದಿಸಿ ಪಾಕ ಮಾಡುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ, ಹೆಚ್ಚಾಗಿ ಮಾರ್ಚ್-ಏಪ್ರಿಲ್‌ನಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಕರಗುವಷ್ಟು ಬಿಸಿಲು ಇರುವ ಕೆಲವೇ ವಾರಗಳಲ್ಲಿ ಮರದಲ್ಲಿ ರಸ ಹರಿಯುತ್ತದೆ. ಕಾಂಡಕ್ಕೆ ಸಣ್ಣ ರಂಧ್ರ ಕೊರೆದು ನಳಿಗೆ ಸಿಕ್ಕಿಸಿ ಅದನ್ನು ಸಂಗ್ರಹಿಸುತ್ತಾರೆ. ಯುರೋಪಿನವರು ಬರುವುದಕ್ಕೆ ಮುಂಚೆಯೇ ಅಲ್ಲಿನ ಮೂಲನಿವಾಸಿಗಳಿಗೆ ಈ ವಿದ್ಯೆ ಗೊತ್ತಿತ್ತು.

ಈ ರಸ ನೋಡಲು ನೀರಿನಂತೆಯೇ ಇರುತ್ತದೆ. ಕಬ್ಬಿನ ಹಾಲಿನಲ್ಲಿ ಶೇ 15ರ ಆಸುಪಾಸು ಸಕ್ಕರೆ ಇದ್ದರೆ ಇದರಲ್ಲಿರುವುದು ಶೇ 2ರಷ್ಟು ಮಾತ್ರ. ಆದ್ದರಿಂದ ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ಬೆಲೆ ಹೆಚ್ಚಿರುವುದಕ್ಕೆ ಇದೇ ಕಾರಣ. ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ. 2011-12ರಲ್ಲಿ ಅಲ್ಲಿನ ಉಗ್ರಾಣವೊಂದರಿಂದ ಸುಮಾರು 3,000 ಟನ್ ಸಿರಪ್ ಕಳವಾಗಿ ದೊಡ್ಡ ಸುದ್ದಿಯಾಗಿತ್ತು. ಚಿನ್ನದಂತೆ ಕದಿಯುವ ಪದಾರ್ಥಕ್ಕೆ ನಕಲಿ ಹುಟ್ಟದೆ ಇದ್ದೀತೇ?

ಅಸಲಿ ಯಾವುದು, ನಕಲಿ ಯಾವುದು?

ಅಂಗಡಿಯಲ್ಲಿ ಎರಡು ಬಗೆಯ ಸೀಸೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಬಣ್ಣ ಒಂದೇ, ಚಿತ್ರವೂ ಹೆಚ್ಚುಕಡಿಮೆ ಒಂದೇ. ‘ಪ್ಯಾನ್‌ಕೇಕ್ ಸಿರಪ್’, ‘ಟೇಬಲ್ ಸಿರಪ್’, ‘ಮೇಪಲ್ ಫ್ಲೇವರ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಸಿಹಿಪಾಕ. ಅದಕ್ಕೆ ಬಣ್ಣ, ವಾಸನೆ ಸೇರಿಸಿರುತ್ತಾರೆ. ಅಲ್ಲಿನ ಅನೇಕ ಹೋಟೆಲುಗಳಲ್ಲಿ ಬಡಿಸುವುದೂ ಇದನ್ನೇ. ಇದು ಕಾನೂನಿನ ಕಣ್ಣಿನಲ್ಲಿ ಕಲಬೆರಕೆಯಲ್ಲ, ಬೇರೆಯದೇ ಪದಾರ್ಥ. ಮೋಸ ಹೋಗುವುದು ಲೇಬಲ್ ಓದದ ನಾವು.

ಸೀಸೆಯನ್ನು ತಿರುಗಿಸಿ ಹಿಂಬದಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಮೇಪಲ್ ಸಿರಪ್ ಎಂಬ ಒಂದೇ ಹೆಸರಿರಬೇಕು. ‘ಕಾರ್ನ್ ಸಿರಪ್’, ‘ಗ್ಲೂಕೋಸ್’, ‘ಕ್ಯಾರಮೆಲ್ ಕಲರ್’ ಎಂದೆಲ್ಲ ಇದ್ದರೆ ಬಿಟ್ಟುಬಿಡಿ. ಕ್ವಿಬೆಕ್‌ನ ಸೀಸೆಗಳ ಮೇಲೆ ಫ್ರೆಂಚ್ ಭಾಷೆಯಲ್ಲಿ ‘ಸಿರೋ ದೆರಾಬ್ಲ್’ ಎಂದಿರುತ್ತದೆ, ಅದು ಮೇಪಲ್ ಸಿರಪ್ಪೇ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುವ ಆಮದು ಸೀಸೆಗಳಿಗೂ ಇದೇ ಪರೀಕ್ಷೆ. ನಮ್ಮ ದೇಶದ ನಿಯಮದಂತೆ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥದ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಗಟ್ಟಿಯಾಗಿದ್ದರೆ ಶುದ್ಧ, ತೆಳುವಾಗಿದ್ದರೆ ನೀರು ಬೆರೆಸಿದ್ದು ಎಂದು ಹಾಲಿನ ಲೆಕ್ಕದಲ್ಲಿ ನೋಡುತ್ತೇವೆ. ಇಲ್ಲಿ ತದ್ವಿರುದ್ಧ. ಅಸಲಿ ಸಿರಪ್ ಸಾಮಾನ್ಯವಾಗಿ ನಕಲಿಗಿಂತ ತೆಳು. ಕೆನಡಾದಲ್ಲಿ ‘ಗ್ರೇಡ್ ಎ’ ಸಿರಪ್ಪಿಗೆ ಬಣ್ಣಕ್ಕೆ ತಕ್ಕಂತೆ ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಎಂಬ ನಾಲ್ಕು ವರ್ಗಗಳಿವೆ. ಅವು ರುಚಿಯ ವರ್ಗಗಳೇ ಹೊರತು ಶುದ್ಧತೆಯವಲ್ಲ. ಋತುವಿನ ಆರಂಭದ ಪಾಕ ತಿಳಿಬಣ್ಣ, ಮೆದು ರುಚಿ. ಕೊನೆಯದು ಕಪ್ಪು, ಗಾಢ ರುಚಿ. ಜೋನಿಬೆಲ್ಲದ ರುಚಿಗೆ ಒಗ್ಗಿದ ನಮ್ಮ ನಾಲಿಗೆಗೆ ಡಾರ್ಕ್ ಹಿಡಿಸುತ್ತದೆ.

ಮೆಂತ್ಯದ ಗುಟ್ಟು

ನಕಲಿ ಸಿರಪ್ಪಿಗೆ ಮೇಪಲ್ ವಾಸನೆ ಎಲ್ಲಿಂದ ಬರುತ್ತದೆ? ಎಷ್ಟೋ ಸಲ ನಮ್ಮ ಮೆಂತ್ಯದಿಂದ! ಮೆಂತ್ಯದಲ್ಲಿ ಸೊಟೊಲಾನ್ ಎಂಬ ವಸ್ತುವಿದೆ. ಸ್ವಲ್ಪ ಪ್ರಮಾಣದಲ್ಲಿ ಅದರ ವಾಸನೆ ಸುಟ್ಟ ಸಕ್ಕರೆಯಂತೆ, ಮೇಪಲ್ ಪಾಕದಂತೆ ಇರುತ್ತದೆ. 2005ರಿಂದ ಕೆಲವು ವರ್ಷ ನ್ಯೂಯಾರ್ಕ್ ನಗರದ ಜನ ಆಗಾಗ ಗಾಳಿಯಲ್ಲಿ ಮೇಪಲ್ ಸಿರಪ್ ವಾಸನೆ ಬರುತ್ತಿದೆಯೆಂದು ಗಾಬರಿಯಿಂದ ದೂರು ಕೊಡುತ್ತಿದ್ದರು. ಪಕ್ಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೆಂತ್ಯದ ಕಾಳನ್ನು ಸಂಸ್ಕರಿಸುತ್ತಿದ್ದುದೇ ಕಾರಣವೆಂದು 2009ರಲ್ಲಿ ಪತ್ತೆಯಾಯಿತು.

ಈ ವಾಸನೆಗೆ ವೈದ್ಯಕೀಯದಲ್ಲೂ ಮಹತ್ವವಿದೆ. ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೊರಡುವ ತಾಯಂದಿರು ಇದನ್ನು ಗಮನವಿಟ್ಟು ಓದಬೇಕು. ‘ಮೇಪಲ್ ಸಿರಪ್ ಯೂರಿನ್ ಡಿಸೀಸ್’ ಎಂಬ ಅಪರೂಪದ ಆನುವಂಶಿಕ ಕಾಯಿಲೆಯೊಂದಿದೆ. 1954ರಲ್ಲಿ ಮೊದಲ ಬಾರಿಗೆ ವರದಿಯಾದ ಈ ಕಾಯಿಲೆಗೂ ಸಿರಪ್ ತಿನ್ನುವುದಕ್ಕೂ ಸಂಬಂಧವಿಲ್ಲ. ಮೂತ್ರಕ್ಕೆ ಆ ವಾಸನೆ ಬರುವುದರಿಂದ ಆ ಹೆಸರು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಜೀರ್ಣಿಸಿಕೊಳ್ಳಲು ಬೇಕಾದ ಕಿಣ್ವದ ಕೊರತೆಯಿಂದ ಇದು ಬರುತ್ತದೆ. ಹುಟ್ಟಿದಾಗ ಚೆನ್ನಾಗಿದ್ದ ಮಗು ಕೆಲವೇ ದಿನಗಳಲ್ಲಿ ಹಾಲು ಬಿಡುತ್ತದೆ, ಮಂಕಾಗುತ್ತದೆ, ಫಿಟ್ಸ್ ಬರಬಹುದು. ತಡಮಾಡಿದರೆ ಮಿದುಳಿಗೆ, ಪ್ರಾಣಕ್ಕೇ ಅಪಾಯ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು.

ಇನ್ನೊಂದೆಡೆ, ಹೆರಿಗೆಗೆ ಸ್ವಲ್ಪ ಮುಂಚೆ ತಾಯಿ ಮೆಂತ್ಯ ತಿಂದಿದ್ದರೆ ಪೂರ್ಣ ಆರೋಗ್ಯವಾಗಿರುವ ಮಗುವಿನ ಮೈ, ಮೂತ್ರಕ್ಕೂ ಇದೇ ವಾಸನೆ ಬರಬಹುದು. ವೈದ್ಯರು ಈ ಕಾಯಿಲೆಯೆಂದು ಶಂಕಿಸಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಆದ್ದರಿಂದ ಮೆಂತ್ಯದ ಉಂಡೆ, ಮೆಂತ್ಯದ ಗಂಜಿ ಕೊಟ್ಟಿದ್ದರೆ ಅಲ್ಲಿನ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಹಾಗೆಂದು ಮಗು ಮಂಕಾಗಿದ್ದರೆ ‘ಮೆಂತ್ಯದ ವಾಸನೆ ಇರಬೇಕು’ ಎಂದು ಸುಮ್ಮನಿರಬೇಡಿ, ಕೂಡಲೇ ತೋರಿಸಿ.

ಬಾಣಂತನಕ್ಕೆ ಹೋಗುವವರ ಪೆಟ್ಟಿಗೆಯಲ್ಲಿ ಇನ್ನೊಂದು ವಸ್ತು ಇರುತ್ತದೆ: ಮಗುವಿನ ನಾಲಿಗೆಗೆ ತಾಗಿಸಲು ಜೇನುತುಪ್ಪ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಲೇಬಾರದು, ಒಂದು ತೊಟ್ಟೂ ಬೇಡ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಜೀವಾಣುವಿನ ಬೀಜಕಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಿ ಸ್ನಾಯುಗಳನ್ನು ಸೋಲಿಸುತ್ತವೆ. ಜೇನು ಎಷ್ಟೇ ಅಸಲಿಯಾದರೂ ಈ ಅಪಾಯ ತಪ್ಪುವುದಿಲ್ಲ. ಜೇನಿನ ಬದಲು ಮೇಪಲ್ ಸಿರಪ್ ನೆಕ್ಕಿಸುವುದೂ ಬೇಡ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು.

ಮೇಷ್ಟ್ರ ಲೆಕ್ಕ

ಈಗ ನಮ್ಮ ಮೇಷ್ಟ್ರ ವಿಷಯ. ಬೆಳಿಗ್ಗೆ ಪ್ಯಾನ್‌ಕೇಕ್ ಅಥವಾ ದೋಸೆಯ ಮೇಲೆ ಮೂರು ದೊಡ್ಡ ಚಮಚ, ಸಂಜೆ ಓಟ್ಸ್ ಗಂಜಿಗೆ ಒಂದು. ಒಂದು ದೊಡ್ಡ ಚಮಚ ಅಸಲಿ ಮೇಪಲ್ ಸಿರಪ್ಪಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ, 52 ಕ್ಯಾಲೊರಿ ಇದೆ. ನಾಲ್ಕು ಚಮಚಕ್ಕೆ 48 ಗ್ರಾಂ. ಅಂದರೆ ದಿನಕ್ಕೆ 12 ಟೀ ಚಮಚ ಸಕ್ಕರೆ! ‘ಒಂದು ಚಮಚವೂ ಮುಟ್ಟಿಲ್ಲ’ ಎಂದಿದ್ದವರು ಲೆಕ್ಕ ಕೇಳಿ ಸುಮ್ಮನಾದರು. ಮಂಜು ಬಿದ್ದು ನಡಿಗೆ ನಿಂತಿದ್ದೂ ಇದಕ್ಕೆ ಸೇರಿತ್ತು.

ಮೇಪಲ್ ಸಿರಪ್ಪಿನ ಸಕ್ಕರೆಯಲ್ಲಿ ಬಹುಪಾಲು ಸುಕ್ರೋಸ್, ಅಂದರೆ ನಾವು ಕಾಫಿಗೆ ಹಾಕುವ ಅದೇ ಸಕ್ಕರೆ. ಮ್ಯಾಂಗನೀಸ್, ರೈಬೋಫ್ಲಾವಿನ್ ಎಂಬ ಪೋಷಕಾಂಶಗಳು ಗಮನಾರ್ಹವಾಗಿವೆ, ನಿಜ. ಆದರೆ ಅವಕ್ಕಾಗಿ ಪಾಕ ಕುಡಿಯಬೇಕಿಲ್ಲ, ಮ್ಯಾಂಗನೀಸ್ ನಮ್ಮ ರಾಗಿಯಲ್ಲೂ ಇದೆ, ರೈಬೋಫ್ಲಾವಿನ್ ಹಾಲಿನಲ್ಲಿದೆ. ರಕ್ತದ ಸಕ್ಕರೆಯನ್ನು ಏರಿಸುವ ವೇಗ ಬಿಳಿ ಸಕ್ಕರೆಗಿಂತ ತುಸು ಕಡಿಮೆ, ಅಷ್ಟೆ. ಜೇನು, ಬೆಲ್ಲ, ಜೋನಿಬೆಲ್ಲದ ಕಥೆಯೂ ಇದೇ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದೆ, ಮೇಪಲ್‌ಗಿಂತ ಹೆಚ್ಚು!

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ ಎಲ್ಲವೂ ಸೇರಿ ದಿನದ ಕ್ಯಾಲೊರಿಯ ಶೇ 10ರೊಳಗಿರಬೇಕು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ಸೇವಿಸುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಇದು ಆರೋಗ್ಯವಂತರ ಮಿತಿ. ಸಕ್ಕರೆ ಕಾಯಿಲೆ ಇರುವವರು ಎಂದಾದರೊಮ್ಮೆ ಒಂದು ಟೀ ಚಮಚ ರುಚಿ ನೋಡಬಹುದು. ಅದೂ ಸಕ್ಕರೆ ಹತೋಟಿಯಲ್ಲಿದ್ದರೆ, ನಿಮ್ಮ ವೈದ್ಯರು ಒಪ್ಪಿದರೆ, ಬೇರೊಂದು ಸಿಹಿಯ ಬದಲಾಗಿ.

ಸಕ್ಕರೆ ಇಳಿದಾಗ

ಸಕ್ಕರೆ ಕಾಯಿಲೆಯವರಿಗೆ ಈ ಸೀಸೆ ಔಷಧಿಯಾಗುವ ಸಂದರ್ಭವೂ ಒಂದಿದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಆಗ 15 ಗ್ರಾಂ ಸಕ್ಕರೆ ಕೂಡಲೇ ಹೊಟ್ಟೆಗೆ ಹೋಗಬೇಕು. ನಾಲ್ಕು ಟೀ ಚಮಚ ಸಕ್ಕರೆಯೋ, ಒಂದು ದೊಡ್ಡ ಚಮಚ ಜೇನೋ, ಒಂದೂಕಾಲು ದೊಡ್ಡ ಚಮಚ ಮೇಪಲ್ ಸಿರಪ್ಪೋ ಆದೀತು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ನುಂಗುವವರು ಎಚ್ಚರ. ಈ ಔಷಧಿಗಳು ಸುಕ್ರೋಸ್ ಒಡೆಯುವುದನ್ನೇ ತಡೆಯುವುದರಿಂದ ಸಕ್ಕರೆಯಾಗಲಿ, ಮೇಪಲ್ ಸಿರಪ್ ಆಗಲಿ ಬೇಗ ಕೆಲಸ ಮಾಡುವುದಿಲ್ಲ. ಇಂಥವರು ಗ್ಲೂಕೋಸ್ ಪುಡಿಯನ್ನೇ ಜೊತೆಯಲ್ಲಿಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಸವಿಯುವುದು ಹೇಗೆ?

ಒಳ್ಳೆಯ ಪದಾರ್ಥವನ್ನು ಸ್ವಲ್ಪವೇ ತಿಂದರೂ ತೃಪ್ತಿಯಾಗುವಂತೆ ತಿನ್ನಬೇಕು. ದೋಸೆಯ ಮೇಲೆ ಸುರಿಯಬೇಡಿ. ಬಟ್ಟಲಲ್ಲಿ ಒಂದು ಟೀ ಚಮಚ ಅಳೆದು ಹಾಕಿಕೊಂಡು ಅದ್ದಿ ತಿನ್ನಿ. ಮಲೆನಾಡಿನವರು ತೆಳ್ಳೇವಿಗೆ ಜೋನಿಬೆಲ್ಲ ಅದ್ದಿ ತಿನ್ನುವ ಕ್ರಮವೇ ಇದು. ರಾಗಿ ದೋಸೆಗೆ, ಗಟ್ಟಿ ಮೊಸರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಾಫಿ, ಟೀಗೆ ಹಾಕಿದರೆ ರುಚಿಯೂ ತಿಳಿಯದು, ಲೆಕ್ಕವೂ ಸಿಗದು. ಮಾರ್ಚ್-ಏಪ್ರಿಲ್‌ನಲ್ಲಿ ನೀವು ಅಲ್ಲಿದ್ದರೆ ‘ಶುಗರ್ ಶ್ಯಾಕ್’ ಎಂಬ ಮರದ ಆಲೆಮನೆಗೆ ಮೊಮ್ಮಕ್ಕಳೊಂದಿಗೆ ಹೋಗಿಬನ್ನಿ. ಬಿಸಿಪಾಕವನ್ನು ಹಿಮದ ಮೇಲೆ ಸುರಿದು, ಗಟ್ಟಿಯಾಗುತ್ತಿದ್ದಂತೆ ಕಡ್ಡಿಗೆ ಸುತ್ತಿ ಕೊಡುತ್ತಾರೆ. ಒಂದು ಕಡ್ಡಿ ಸಾಕು.

ಊರಿಗೆ ತರುವಾಗ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. 100 ಮಿ.ಲೀ.ಗಿಂತ ದೊಡ್ಡದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಡಬ್ಬದಲ್ಲಿ ಬಂದದ್ದನ್ನು ತೆರೆದ ಕೂಡಲೇ ಗಾಜಿನ ಸೀಸೆಗೆ ಬಗ್ಗಿಸಿ. ಅಸಲಿ ಸಿರಪ್ಪಿನಲ್ಲಿ ಕೆಡದಂತೆ ತಡೆಯುವ ರಾಸಾಯನಿಕ ಇರುವುದಿಲ್ಲ, ಜೇನಿನಷ್ಟು ಬಾಳಿಕೆಯೂ ಇಲ್ಲ. ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು. ಬೂಷ್ಟು ಕಂಡರೆ ದುಡ್ಡಿನ ಮುಖ ನೋಡದೆ ಎಸೆಯಿರಿ.

ಮೂರು ತಿಂಗಳ ನಂತರ ಮೇಷ್ಟ್ರು ಮತ್ತೆ ಬಂದರು. ಮಾತ್ರೆ ಬದಲಿಸಿರಲಿಲ್ಲ, ಬೆಳಗಿನ ನಡಿಗೆ ಮತ್ತೆ ಶುರುವಾಗಿತ್ತು, ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು. ‘ಸೀಸೆ ಏನಾಯಿತು ಮೇಷ್ಟ್ರೇ?’ ಎಂದು ಕೇಳಿದೆ. ‘ಫ್ರಿಜ್ಜಿನಲ್ಲಿದೆ ಡಾಕ್ಟ್ರೇ. ಭಾನುವಾರ ಒಂದು ಟೀ ಚಮಚ, ಅಳೆದು ಕೊಡುವುದು ಇವಳು’ ಎಂದರು. ಅವರು ನನಗೆ ಕೊಟ್ಟ ಸೀಸೆಯೂ ನಮ್ಮ ಮನೆಯಲ್ಲಿ ಅದೇ ಲೆಕ್ಕದಲ್ಲಿ ಖರ್ಚಾಗುತ್ತಿದೆ.