ಮಾರಾಟಕ್ಕಲ್ಲದ ಜಾಹೀರಾತು

ಜಾಹೀರಾತಿನಷ್ಟು ಅಲ್ಪಾಯುವಾದ ಬರವಣಿಗೆ ಮತ್ತೊಂದಿರಲಾರದು. ಬೆಳಿಗ್ಗೆ ಪತ್ರಿಕೆಯ ಅರ್ಧ ಪುಟವನ್ನು ಆಕ್ರಮಿಸಿ ಮೆರೆದದ್ದು ಸಂಜೆಯ ಹೊತ್ತಿಗೆ ಕಡಲೆಕಾಯಿಯ ಪೊಟ್ಟಣವಾಗುತ್ತದೆ. ಅದು ಹೊಗಳಿದ ಸರಕು ಮಾರಿಹೋದರೆ ಅದರ ಕೆಲಸ ಮುಗಿಯಿತು. ಮಾರಿಹೋಗದಿದ್ದರೆ ಅದು ಇನ್ನೂ ಬೇಗನೆ ಮರೆಯಾಗುತ್ತದೆ. ಹೀಗಿರುವಲ್ಲಿ, ಅರುವತ್ತು ವರ್ಷಗಳ ಹಿಂದೆಯೇ ತೀರಿಕೊಂಡ ಜಾಹೀರಾತುಗಳನ್ನು ಹುಡುಕಿ ತೆಗೆದು, ಅವುಗಳಿಗೆ ಮತ್ತೆ ಉಸಿರು ಕೊಡುವುದಕ್ಕಾಗಿ ರಜೆಯ ದಿನಗಳನ್ನೂ ಕೈಯ ಹಣವನ್ನೂ ವೆಚ್ಚಮಾಡುವ ಜನರೂ ಇದ್ದಾರೆಂದರೆ ಕೇಳಿದವರು ನಕ್ಕಾರು. ನಗಲಿ. ಆದರೆ ಈ ಹುಚ್ಚಿನಲ್ಲಿ ಒಂದು ವಿವೇಕವೂ ಅಡಗಿದೆಯೆಂದು ನನಗೆ ತೋರುತ್ತದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಹಳೆಯ ಮೋಟಾರುಗಾಡಿಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡವರ ಒಂದು ಪಂಗಡವುಂಟು. ಅವರ ಆಟಗಳಲ್ಲಿ ಇದೊಂದು. ತಮ್ಮ ಗಾಡಿಯನ್ನು ಅದು ಹೊಸದಾಗಿದ್ದ ಕಾಲದಲ್ಲಿ ಯಾವ ಚಿತ್ರದಿಂದ ಹೊಗಳಿದ್ದರೋ ಆ ಚಿತ್ರವನ್ನೇ ಮುಂದಿಟ್ಟುಕೊಳ್ಳುತ್ತಾರೆ. ಅದೇ ಮಾದರಿಯ, ಸಾಧ್ಯವಾದರೆ ಅದೇ ಬಣ್ಣದ ಗಾಡಿ. ಅಂಥದೇ ಬಯಲು, ಅಂಥದೇ ಇಳಿಬಿಸಿಲು. ತಲೆಗೆ ಅಜ್ಜನ ಟೋಪಿ, ಪಕ್ಕದಲ್ಲಿ ಕೊರಳಿಗೆ ರೇಷ್ಮೆಯ ವಸ್ತ್ರ ಸುತ್ತಿಕೊಂಡ ಮನೆಯಾಕೆ. ಚಲಚ್ಚಿತ್ರವಾದರೆ ಹಳೆಯ ಕಾಲದ ಉದ್ಘೋಷಕನ ಗಂಭೀರವಾದ ಧ್ವನಿಯನ್ನು ಯಾರಾದರೊಬ್ಬ ಗೆಳೆಯ ಅನುಕರಿಸುತ್ತಾನೆ. ಎಲ್ಲವೂ ಸಿದ್ಧವಾಗುತ್ತದೆ, ಇಲ್ಲದಿರುವುದು ಒಂದೇ, ಮಾರುವ ಸರಕು. ಎಷ್ಟೋ ಸಂದರ್ಭಗಳಲ್ಲಿ ಆ ಗಾಡಿಯನ್ನು ತಯಾರಿಸಿದ ಕಾರ್ಖಾನೆಯೇ ಬಾಗಿಲು ಮುಚ್ಚಿ ಒಂದು ತಲೆಮಾರು ಕಳೆದಿರುತ್ತದೆ.

ಕಳೆದುದನ್ನು ಮತ್ತೆ ಆಡಿ ನೋಡುವ ಚಪಲ ಮೋಟಾರು ಪ್ರಿಯರಲ್ಲಿ ಹೊಸದೇನೂ ಅಲ್ಲ. ೧೮೯೬ರ ನವೆಂಬರಿನಲ್ಲಿ ಇಂಗ್ಲೆಂಡಿನ ಕಾನೂನು ಮೋಟಾರುಗಳ ವೇಗದ ಮೇಲಿದ್ದ ಕಟ್ಟನ್ನು ಸಡಿಲಿಸಿದಾಗ, ಆ ಸಂತೋಷಕ್ಕಾಗಿ ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿಗಳ ಮೆರವಣಿಗೆ ಹೊರಟಿತು. ೧೯೨೭ರಲ್ಲಿ ಅದನ್ನು ಮತ್ತೆ ನಡೆಸಿದರು. ಅಂದಿನಿಂದ ಇಂದಿನವರೆಗೆ, ಯುದ್ಧದಂತಹ ಅಡಚಣೆಗಳನ್ನು ಬಿಟ್ಟರೆ, ಆ ಓಟ ನಡೆದುಬಂದಿದೆ. ೧೯೦೫ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಆದರೆ ಓಟವನ್ನು ಪುನಃ ಓಡುವುದು ಬೇರೆ, ಜಾಹೀರಾತನ್ನು ಪುನಃ ಆಡುವುದು ಬೇರೆ. ಓಟ ನಡೆದ ಸಂಗತಿ. ಜಾಹೀರಾತು ಕೊಟ್ಟ ಮಾತು. ಕೊಟ್ಟ ಮಾತನ್ನು ಗಾಡಿಯನ್ನೇ ಎದುರಿಗೆ ನಿಲ್ಲಿಸಿಕೊಂಡು ಮತ್ತೊಮ್ಮೆ ಹೇಳತೊಡಗಿದರೆ ಅದರ ಸಾಚಾತನ ತಾನಾಗಿಯೇ ಬಯಲಿಗೆ ಬೀಳುತ್ತದೆ.

ಪಾಂಟಿಯಾಕ್ ಗಾಡಿಯ ಉದಾಹರಣೆಯನ್ನು ನೋಡಿ. ೧೯೫೯ರಲ್ಲಿ ಆ ಗಾಡಿಯ ಎಡಬಲದ ಚಕ್ರಗಳ ನಡುವಣ ಅಂತರವನ್ನು ಸುಮಾರು ಐದು ಅಂಗುಲ ಹೆಚ್ಚಿಸಿ, ಅಗಲವೇ ಅದರ ಹಿರಿಮೆಯೆಂದು ಸಾರಿದರು. ಅದು ನಿಜವೇ. ಆದರೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಆರ್ಟ್ ಫಿಟ್ಸ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕಾಫ್‌ಮನ್ ಎಂಬ ಇಬ್ಬರು ಚಿತ್ರಕಾರರು ಆ ವರ್ಷದಿಂದ ೧೯೭೧ರವರೆಗೆ ಪಾಂಟಿಯಾಕಿನ ಜಾಹೀರಾತುಗಳನ್ನು ಬರೆದರು; ಗಾಡಿ ಒಬ್ಬರ ಕೈಯದು, ಸುತ್ತಲಿನ ಜನ ಮತ್ತು ನೋಟ ಇನ್ನೊಬ್ಬರ ಕೈಯದು. ಎಂಥ ಮನೋಹರವಾದ ಚಿತ್ರಗಳು! ನೀಲಿಯ ಕಡಲು, ಸಂಜೆಯ ದೀಪ, ಅವುಗಳ ನಡುವೆ ಅರಮನೆಯ ಪಡಸಾಲೆಯಂತೆ ಹರಡಿಕೊಂಡ ಗಾಡಿ. ಇಂದಿನ ಹವ್ಯಾಸಿ ಅದೇ ಮಾದರಿಯ ಗಾಡಿಯನ್ನು ಕಡಲ ದಡದಲ್ಲಿ ನಿಲ್ಲಿಸಿ, ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಿ ಎಷ್ಟು ಹೆಣಗಿದರೂ ಆ ಅಗಲ ಅವನಿಗೆ ಸಿಕ್ಕುವುದಿಲ್ಲ. ಎಂತು ಸಿಕ್ಕೀತು? ಐದು ಅಂಗುಲ ಕೊಟ್ಟವನು ಎಂಜಿನಿಯರು. ಮಿಕ್ಕದ್ದನ್ನು ಕೊಟ್ಟದ್ದು ಕುಂಚ. ಆ ಚಿತ್ರದಲ್ಲಿರುವ ಗಾಡಿ ಯಾವ ಕಾರ್ಖಾನೆಯಿಂದಲೂ ಎಂದೂ ಹೊರಬಿದ್ದಿರಲಿಲ್ಲ.

ಎಲ್ಲ ಜಾಹೀರಾತುಗಳೂ ಹೀಗೆ ಸೋಲುವುದಿಲ್ಲ. ೧೯೬೦ರ ದಶಕದ ಮೊದಲ ಭಾಗದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಗಾಗಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆ ಒಂದು ಚಿಕ್ಕ ಕಪ್ಪುಬಿಳುಪಿನ ಚಿತ್ರವನ್ನು ತಯಾರಿಸಿತು. ಬೆಳಗಿನ ಕತ್ತಲೆ, ರಸ್ತೆಯ ತುಂಬ ಹಿಮ. ಆ ಹಿಮವನ್ನು ಸೀಳಿಕೊಂಡು ಪುಟ್ಟ ಗಾಡಿಯೊಂದು ಸಾಗುತ್ತದೆ. ಅದರಿಂದ ಇಳಿದವನು ಕೊಟ್ಟಿಗೆಯ ಬಾಗಿಲು ತೆರೆದು, ರಸ್ತೆಯ ಹಿಮವನ್ನು ತಳ್ಳುವ ದೊಡ್ಡ ಯಂತ್ರವನ್ನು ನಡೆಸಿಕೊಂಡು ಹೊರಡುತ್ತಾನೆ. ಎಲ್ಲರಿಗೂ ದಾರಿ ಮಾಡಿಕೊಡುವವನು ತಾನು ಕೆಲಸಕ್ಕೆ ಬರುವ ದಾರಿ ಯಾವುದು ಎಂಬುದೇ ಅಲ್ಲಿನ ಪ್ರಶ್ನೆ. ಉತ್ತರ ಕಣ್ಣೆದುರಿಗೇ ಇದೆ. ಇದರಲ್ಲಿ ಕುಂಚದ ಕೈವಾಡವಿಲ್ಲ. ಬೀಟಲ್ಲಿನ ಎಂಜಿನು ಹಿಂದೆ ಇರುವುದರಿಂದ ಅದರ ಭಾರವೆಲ್ಲ ಗಾಡಿಯನ್ನು ನೂಕುವ ಹಿಂದಿನ ಚಕ್ರಗಳ ಮೇಲೆಯೇ ಬಿದ್ದು ಹಿಡಿತ ಹೆಚ್ಚುತ್ತದೆ; ಎಂಜಿನು ಗಾಳಿಯಿಂದ ತಣಿಯತಕ್ಕದ್ದಾದುದರಿಂದ ಹೆಪ್ಪುಗಟ್ಟುವುದಕ್ಕೆ ಅದರಲ್ಲಿ ನೀರೇ ಇಲ್ಲ. ಅಂದು ಹೇಳಿದ್ದು ಇಂದಿಗೂ ನಿಜ.

ಆದರೆ ನಿಜವಾದ ಮಾತನ್ನು ಮತ್ತೆ ಆಡುವುದೇ ಹೆಚ್ಚು ಕಷ್ಟವೆಂಬುದು ಇಲ್ಲಿಯ ವಿನೋದ. ಆ ದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲುತ್ತಾರೆ. ಉಪ್ಪುನೀರು ಹಳೆಯ ತಗಡಿಗೆ ಗೆದ್ದಲಿದ್ದಂತೆ. ತಳದಿಂದ ಹಿಡಿದು ತಿನ್ನುತ್ತ ಬರುತ್ತದೆ. ವರ್ಷಗಟ್ಟಲೆ ದುಡಿದು ತುಕ್ಕು ಬಿಡಿಸಿ ಬಣ್ಣ ಬಳಿದ ಗಾಡಿಯನ್ನು ಅದರ ಒಡೆಯ ಚಳಿಗಾಲ ಪೂರ್ತಿ ಮುಸುಕು ಹಾಕಿ ಕೊಟ್ಟಿಗೆಯಲ್ಲಿಟ್ಟು ಕಾಪಾಡುತ್ತಾನೆ. ಹಿಮಕ್ಕೆ ಅಂಜದ ಗಾಡಿಯೆಂದು ಹೆಸರಾದದ್ದನ್ನು ಹಿಮದಿಂದಲೇ ಬಚ್ಚಿಡಬೇಕಾಗಿದೆ! ಆ ಜಾಹೀರಾತನ್ನು ಆಡಿ ತೋರಿಸಬೇಕಾದರೆ ಅವನು ಅದನ್ನು ಹೊರಕ್ಕೆ ತರಬೇಕು. ಒಂದು ಮುಂಜಾವಿನ ಸತ್ಯಕ್ಕಾಗಿ ಹಲವು ವರ್ಷಗಳ ಶ್ರಮವನ್ನು ಪಣಕ್ಕಿಡಬೇಕು. ಮಾರುವವನಿಗೆ ಈ ಸಂಕಟವಿಲ್ಲ. ಒಂದು ಗಾಡಿ ಕೆಟ್ಟರೆ ಕಾರ್ಖಾನೆಯಿಂದ ಮತ್ತೊಂದು ಬರುತ್ತದೆ. ಪ್ರೀತಿಸುವವನಿಗೆ ಇರುವುದು ಒಂದೇ.

ಪುನರಭಿನಯ ಮಾರುವವನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಸಿದ್ಧ ನಿದರ್ಶನವುಂಟು. ದೈತ್ಯಚಕ್ರಗಳ ಟ್ರಕ್ಕೊಂದು ಸಾಲಾಗಿ ನಿಂತ ಗಾಡಿಗಳ ಮೇಲೆ ಉರುಳಿಹೋದಾಗ ವೋಲ್ವೋ ಮಾತ್ರ ಜಜ್ಜಿಹೋಗದೆ ಉಳಿಯುವ ದೃಶ್ಯವನ್ನು ೧೯೯೦ರಲ್ಲಿ ಆ ಕಂಪೆನಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಚಿತ್ರಿಸಿತು. ಹಿಂದೊಮ್ಮೆ ನಿಜವಾಗಿ ನಡೆದದ್ದನ್ನೇ ಮತ್ತೆ ಆಡಿ ತೋರಿಸಿದ್ದೇವೆಂಬುದು ಅವರ ಸಮರ್ಥನೆ. ವಿಚಾರಿಸಿ ನೋಡಿದರೆ, ವೋಲ್ವೋ ಗಾಡಿಯ ಒಳಗೆ ಮರದ ಮತ್ತು ಉಕ್ಕಿನ ಊರೆಗಳನ್ನು ಕೊಟ್ಟಿದ್ದರು. ಪಕ್ಕದ ಗಾಡಿಗಳ ಚಾವಣಿಯ ಕಂಬಗಳನ್ನು ಮೊದಲೇ ಕೊಯ್ದಿದ್ದರು. ಟೆಕ್ಸಾಸಿನ ಅಟಾರ್ನಿ ಜನರಲ್ ಪ್ರಶ್ನೆಯೆತ್ತಿದರು. ಕಂಪೆನಿ ಮೂರು ಲಕ್ಷಕ್ಕೂ ಮಿಕ್ಕ ಡಾಲರುಗಳನ್ನು ತೆತ್ತು, ಜಾಹೀರಾತನ್ನು ಹಿಂತೆಗೆದುಕೊಂಡಿತು. ಆ ಗಾಡಿ ಗಟ್ಟಿಯಾದದ್ದೆಂದು ಲೋಕವೇ ನಂಬಿತ್ತು. ಇದ್ದ ಗಟ್ಟಿತನವನ್ನು ತೋರಿಸುವುದಕ್ಕೂ ಊರೆ ಬೇಕಾಯಿತಲ್ಲ ಎಂಬುದೇ ವ್ಯಥೆಯ ಸಂಗತಿ.

ಇನ್ನೊಂದು ಬಗೆಯ ಜಾಹೀರಾತುಂಟು. ಅದನ್ನು ನಿಜವೆನ್ನುವಂತಿಲ್ಲ, ಸುಳ್ಳೆನ್ನುವಂತೆಯೂ ಇಲ್ಲ. ೧೯೨೩ರಲ್ಲಿ ಕ್ಲೀವ್‌ಲೆಂಡಿನ ನೆಡ್ ಜೋರ್ಡನ್ ತನ್ನ ‘ಪ್ಲೇಬಾಯ್’ ಎಂಬ ಗಾಡಿಗಾಗಿ ಬರೆದದ್ದು ಅಂಥದು. ಲಾರಮಿ ಎಂಬ ಊರಿನ ಪಶ್ಚಿಮಕ್ಕೆಲ್ಲಿಯೋ ಇರುವ ಒಬ್ಬ ದಿಟ್ಟ ಹುಡುಗಿಯ ಮಾತು ಅದರಲ್ಲಿದೆ. ಎಂಜಿನಿನ ಶಕ್ತಿ, ಬೆಲೆ, ಬಾಳಿಕೆ ಇವುಗಳ ಸುದ್ದಿಯೇ ಇಲ್ಲ. ರೈಲಿನಲ್ಲಿ ಹೋಗುತ್ತಿದ್ದಾಗ, ಬಯಲಿನಲ್ಲಿ ಕುದುರೆಯೇರಿ ರೈಲಿಗೆ ಪೈಪೋಟಿಯಾಗಿ ಬಂದ ಹುಡುಗಿಯೊಬ್ಬಳನ್ನು ಕಂಡು ಜೋರ್ಡನ್ ಇದನ್ನು ಬರೆದನೆಂಬ ಕಥೆ ಪ್ರಚಾರದಲ್ಲಿದೆ. ಆ ಕಂಪೆನಿ ೧೯೩೧ರಲ್ಲಿ ಮುಗಿದುಹೋಯಿತು. ಗಾಡಿಯನ್ನು ಕಂಡವರು ಇಂದು ವಿರಳ. ಆ ಜಾಹೀರಾತನ್ನು ಬಲ್ಲವರು ಬಹಳ. ಇದನ್ನು ಆಡಿ ತೋರಿಸಬಯಸುವವನಿಗೆ ಬೇಕಾದದ್ದು ಗಾಡಿಗಿಂತ ಮಿಗಿಲಾಗಿ ಒಂದು ಬಯಲು ಮತ್ತು ಗಾಳಿಗೆ ಮುಖವೊಡ್ಡುವ ಒಂದು ಉತ್ಸಾಹ. ಜೋರ್ಡನ್ ಮಾರಿದ್ದೂ ಅದನ್ನೇ ಅಲ್ಲವೆ?

ನಮ್ಮ ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳ ಸಂಗ್ರಹವನ್ನು ನೋಡಿದವರು ಬಲ್ಲರು: ಥಳಥಳಿಸುತ್ತ ನಿಂತ ಗಾಡಿಗಳ ಮುಂದೆ ಮನಸ್ಸಿಗೆ ಗೌರವದ ಜತೆಗೆ ಒಂದು ಮೌನವೂ ಕವಿಯುತ್ತದೆ. ಆ ಮೌನವನ್ನು ಮುರಿದು ಗಾಡಿಯನ್ನು ಮಾತಾಡಿಸುವ ಒಂದು ದಾರಿ ಈ ಆಟ. ಇಂದು ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಸಾಕು, ಎಂಥ ಹಳೆಯ ಜಾಹೀರಾತನ್ನಾದರೂ ಗಾಡಿಯಿಲ್ಲದೆ, ಹಿಮವಿಲ್ಲದೆ, ಹುಡುಗಿಯಿಲ್ಲದೆ ಕ್ಷಣದಲ್ಲಿ ಬರೆದುಕೊಡುತ್ತದೆ. ಪಾಂಟಿಯಾಕನ್ನು ಬೇಕಾದಷ್ಟು ಅಗಲವಾಗಿಯೂ ಮಾಡಿಕೊಡುತ್ತದೆ. ಆದರೂ ಆ ಹವ್ಯಾಸಿಗಳು ಗಾಡಿಯ ಮುಸುಕು ತೆಗೆದು, ಎಣ್ಣೆ ನೋಡಿ, ಚಳಿಯಲ್ಲಿ ಕೈಯುಜ್ಜಿಕೊಳ್ಳುತ್ತ ಹೊರಡುತ್ತಾರೆ. ಅವರ ಚಿತ್ರ ಮೂಲದಷ್ಟು ಸೊಗಸಾಗಿ ಬಾರದಿರಬಹುದು. ಆದರೆ ಅದರಲ್ಲಿ ಕಾಣುವ ಅಗಲವೆಲ್ಲ ಗಾಡಿಯದೇ ಅಗಲ, ಹಿಮವೆಲ್ಲ ಆಕಾಶದಿಂದ ಬಿದ್ದ ಹಿಮ. ಕೊಳ್ಳಿರೆಂದು ಕೇಳುವವರಿಲ್ಲದ ಆ ಜಾಹೀರಾತನ್ನು ನಾನು ಧಾರಾಳವಾಗಿ ನಂಬಬಲ್ಲೆ.