ಮರಳಿ ಬಂದವರ ಹೆಸರೆಲ್ಲಿ?

ಮಟ್ಟುವಿನ ನೆರೆಮನೆಯ ಕ್ರೈಸ್ತ ಬಾಲಕನಿಗೆ ಶಾಲೆಯ ಪ್ರಬಂಧಕ್ಕೆ ಎರಡು ಮಾಹಿತಿ ಬೇಕಿತ್ತು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದ ಪೋಪ್ ಹದಿನಾರನೆಯ ಬೆನೆಡಿಕ್ಟರ ಪತ್ರ, ಪ್ರವಚನಗಳು ವ್ಯಾಟಿಕನ್ನಿನ ಜಾಲತಾಣದಲ್ಲಿ ಕ್ಷಣಾರ್ಧದಲ್ಲಿ ದೊರೆತವು. ಬರ್ಮಾ ರಣಾಂಗಣದಲ್ಲಿ ಕಾದಾಡಿ ಮರಳಿದ ಅವನ ಮುತ್ತಜ್ಜ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ತಾಣದಲ್ಲಿ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರುಗಳಿವೆ, ಎಲ್ಲವೂ ಮಡಿದವರವು. ಬದುಕಿ ಬಂದದ್ದೇ ಅಪರಾಧವಾಯಿತೇನೋ! ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ಪಂಜಾಬಿ ಯೋಧರ ಮೊದಲ ಮಹಾಯುದ್ಧದ ದಾಖಲೆಗಳು 2021ರಲ್ಲಿ ಅಂತರಜಾಲಕ್ಕೇರತೊಡಗಿದವು; ಅವುಗಳಲ್ಲಿ ಮರಳಿದವರೂ ಇದ್ದಾರೆ. ಕರಾವಳಿಯ ಯೋಧರಿಗೆ ಅಂಥ ಭಾಗ್ಯವೇಕಿಲ್ಲ? ಕಡತಗಳ ನಡುವೆಯೇ ಆಯುಷ್ಯ ಸವೆಸಿದ ನನಗೆ ನಾಚಿಕೆಯೆನಿಸಿತು. "ಅಟ್ಟದಲ್ಲಿ ಅಜ್ಜನ ಪಿಂಚಣಿ ಪುಸ್ತಕವೇನಾದರೂ ಇದ್ದರೆ ತಾ ಮಗಾ, ರೆಜಿಮೆಂಟಿನ ಹೆಸರು, ಸಂಖ್ಯೆ ಸಿಕ್ಕರೆ ದಾಖಲೆ ಕಚೇರಿಗೆ ಪತ್ರ ಬರೆಯೋಣ" ಎಂದೆ.